‘ಶಿಷ್ಯ’ ಅಂದರೆ ಯಾರು? ‘ಮಥೇತೇಸ್’ ಎಂಬ ಗ್ರೀಕ್ ಪದವನ್ನು ನೀವೇ ಹುಡುಕಿ ತಿಳಿಯುವ ಬಗೆ

ಸತ್ಯವೇದ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ಕನ್ನಡದಲ್ಲಿ ‘ಶಿಷ್ಯ’ ಅಂತ ಇರುವ ಕಡೆ ಗ್ರೀಕಿನಲ್ಲಿ ಯಾವ ಪದ ಇದೆ? ಅದಕ್ಕೆ ವಿದ್ಯಾರ್ಥಿ ಅಂತ ಅರ್ಥವಾ, ಹಿಂಬಾಲಕ ಅಂತಲಾ, ಭಕ್ತ ಅಂತಲಾ? ಯೇಸು ಆರಿಸಿಕೊಂಡ ಹನ್ನೆರಡು ಮಂದಿಗೆ ಮಾತ್ರ ಆ ಹೆಸರಾ? ಪೌಲನ ಪತ್ರಗಳಲ್ಲಿ ಈ ಪದ ಕಾಣುವುದೇ ಇಲ್ಲವಲ್ಲ, ಯಾಕೆ?

ಒಂದೇ ಸಾಲಿನ ಉತ್ತರ ಬೇಕಿದ್ದರೆ, ಆ ಪದ ‘ಮಥೇತೇಸ್’, ಅರ್ಥ ‘ಕಲಿಯುವವನು’. ಇಷ್ಟಕ್ಕೇ ಬಿಟ್ಟರೆ ಮೇಲಿನ ಪ್ರಶ್ನೆಗಳಲ್ಲಿ ಒಂದೂ ಬಗೆಹರಿಯುವುದಿಲ್ಲ. ಒಂದನೇ ಶತಮಾನದ ಕ್ರೈಸ್ತರು ಈ ಪದವನ್ನು ಹೇಗೆ ಬಳಸಿದರು ಎಂಬುದು ಅದರ ಬೇರಿಗಿಂತ ಜಾಸ್ತಿ, ಅದರ ಪಕ್ಕದಲ್ಲಿ ಬರುವ ‘ಯಾರ’ ಎಂಬ ಮಾತಿನಿಂದ ಗೊತ್ತಾಗುತ್ತದೆ. ಯಾರ ಶಿಷ್ಯ? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೋದರೆ ದಾರಿ ತಪ್ಪುವುದು ಕಡಿಮೆ. ಕೆಳಗಿನ ಹಂತಗಳು ಅದಕ್ಕೇ.

ಏನೇನು ಬೇಕು?

ಗ್ರೀಕ್ ಬರಬೇಕಾಗಿಲ್ಲ. ಒಂದು ಕನ್ನಡ ಸತ್ಯವೇದ ಇರಲಿ. ಸಿಕ್ಕರೆ ಇನ್ನೊಂದು ಕನ್ನಡ ಅನುವಾದವೂ ಇರಲಿ, ಹೋಲಿಸಿ ನೋಡಲು ಬೇಕಾಗುತ್ತದೆ. ಮೊಬೈಲಿನಲ್ಲಿ ಸ್ಟ್ರಾಂಗ್ ಸಂಖ್ಯೆ ತೋರಿಸುವ ಯಾವುದಾದರೂ ಉಚಿತ ಬೈಬಲ್ ಆಪ್ ಹಾಕಿಕೊಳ್ಳಿ. ಸ್ಟ್ರಾಂಗ್ ಸಂಖ್ಯೆ ಅಂದರೆ, ಜೇಮ್ಸ್ ಸ್ಟ್ರಾಂಗ್ ಎಂಬ ಅಮೆರಿಕದ ವಿದ್ವಾಂಸ 1890ರಲ್ಲಿ ಪ್ರಕಟಿಸಿದ ಪದಸೂಚಿಯಲ್ಲಿ ಬೈಬಲಿನ ಒಂದೊಂದು ಮೂಲ ಪದಕ್ಕೂ ಕೊಟ್ಟ ಕ್ರಮಸಂಖ್ಯೆ. ಪದಸೂಚಿ ಅಂದರೆ ಒಂದು ಪದ ಎಲ್ಲೆಲ್ಲಿ ಬರುತ್ತದೆ ಎಂಬ ಪಟ್ಟಿ. ಜೊತೆಗೆ ಒಂದು ನೋಟ್‌ಬುಕ್, ಒಂದು ಪೆನ್ನು.

ಹಂತ 1: ಪದವನ್ನು, ಅದರ ಮನೆಯವರನ್ನು ಗುರುತು ಮಾಡಿಕೊಳ್ಳಿ

ಆಪ್‌ನಲ್ಲಿ 3101 ಎಂಬ ಗ್ರೀಕ್ ಸಂಖ್ಯೆ ಹುಡುಕಿ. ಅದೇ ಮಥೇತೇಸ್. ಬಹುವಚನ ‘ಮಥೇತಾಯ್’. ಕನ್ನಡದ ಹಾಗೆ ಗ್ರೀಕಿನಲ್ಲೂ ವಿಭಕ್ತಿ ಪ್ರತ್ಯಯಗಳಿವೆ. ಹಾಗಾಗಿ ಪದದ ಬಾಲ ಬದಲಾಗುತ್ತಾ ಹೋಗುತ್ತದೆ: ಮಥೇತೂ, ಮಥೇತೇನ್, ಮಥೇತಾಯ್ಸ್. ಗಾಬರಿ ಬೇಡ, ಸಂಖ್ಯೆ ಒಂದೇ ಇರುತ್ತದೆ.

ಆಚೆ ಈಚೆ ಇರುವ ಸಂಖ್ಯೆಗಳನ್ನೂ ನೋಡಿ. 3100 ‘ಮಥೇತೆಯುಓ’, ಅಂದರೆ ಶಿಷ್ಯನಾಗು ಅಥವಾ ಶಿಷ್ಯನನ್ನಾಗಿ ಮಾಡು ಎಂಬ ಕ್ರಿಯಾಪದ. ಹೊಸ ಒಡಂಬಡಿಕೆಯಲ್ಲಿ ಇದು ನಾಲ್ಕೇ ಕಡೆ ಬರುತ್ತದೆ. 3102 ‘ಮಥೇತ್ರಿಯಾ’, ಅಂದರೆ ಶಿಷ್ಯೆ. ಇದು ಒಂದೇ ಒಂದು ಕಡೆ. 3129 ‘ಮಂಥಾನೋ’, ಅಂದರೆ ಕಲಿ. ಇವೆಲ್ಲಕ್ಕೂ ತಾಯಿಬೇರು ಈ ಕೊನೆಯದೇ. ನಾಲ್ಕನ್ನೂ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಎಲ್ಲವೂ ಕೆಲಸಕ್ಕೆ ಬರುತ್ತವೆ.

ಹಂತ 2: ಬೇರನ್ನು ನೋಡಿ, ಆದರೆ ಅಲ್ಲೇ ಕೂರಬೇಡಿ

ಕಲಿತದ್ದು, ಪಾಠ ಎಂಬ ಅರ್ಥದ ‘ಮಥೇಮಾ’ ಎಂಬ ಗ್ರೀಕ್ ಪದವೂ ಇದೇ ಬೇರಿನದು. ಇಂಗ್ಲಿಷಿನ ಮ್ಯಾಥಮ್ಯಾಟಿಕ್ಸ್ ಬಂದದ್ದು ಅದರಿಂದ. ಇದು ನಿಜ. ಆದರೆ ಇದನ್ನೇ ಹಿಡಿದುಕೊಂಡು ‘ಶಿಷ್ಯ ಅಂದರೆ ಲೆಕ್ಕ ಹಾಕಿ ಯೋಚಿಸುವವನು’ ಅನ್ನುವ ಫಾರ್ವರ್ಡ್ ಸಂದೇಶಗಳು ಓಡಾಡುತ್ತವೆ. ಅವನ್ನು ಬದಿಗಿಡಿ. ಗಲಿಲಾಯದ ಮೀನುಗಾರನನ್ನು ಮಥೇತೇಸ್ ಅಂತ ಕರೆದಾಗ ಯಾರ ತಲೆಯಲ್ಲೂ ಗಣಿತ ಇರಲಿಲ್ಲ. ಒಂದು ಪದದ ಅರ್ಥವನ್ನು ಅದು ಹುಟ್ಟಿದ ಬೇರಿನಿಂದಲೇ ಹಿಂಡಿ ತೆಗೆಯುವುದು ಪದ ಅಧ್ಯಯನದಲ್ಲಿ ಎಲ್ಲರೂ ಬೀಳುವ ಮೊದಲ ಗುಂಡಿ.

ಕನ್ನಡ ಓದುಗರಿಗೆ ಇಲ್ಲಿ ಇನ್ನೊಂದು ಗುಂಡಿಯೂ ಇದೆ. ನಮ್ಮ ‘ಶಿಷ್ಯ’ ಸಂಸ್ಕೃತದ ‘ಶಾಸ್’ ಧಾತುವಿನದು. ಶಾಸನ, ಅನುಶಾಸನ ಎಲ್ಲ ಅಲ್ಲಿಂದಲೇ ಬಂದವು. ಶಿಷ್ಯ ಅಂದರೆ ಉಪದೇಶಕ್ಕೆ, ಶಿಕ್ಷಣಕ್ಕೆ ಒಳಗಾಗಬೇಕಾದವನು. ಅಲ್ಲಿ ಕೆಲಸ ಗುರುವಿನದು. ಮಥೇತೇಸ್‌ನಲ್ಲಿ ಕೆಲಸ ಕಲಿಯುವವನದು. ಅನುವಾದ ತಪ್ಪು ಅಂತ ಇದರ ಅರ್ಥವಲ್ಲ. ಇದಕ್ಕಿಂತ ಒಳ್ಳೆಯ ಪದ ಕನ್ನಡದಲ್ಲಿ ಸಿಗುವುದು ಕಷ್ಟ. ಆದರೆ ದೀಕ್ಷೆ, ಮಂತ್ರೋಪದೇಶ, ಪಾದಪೂಜೆ, ಗುರುಕುಲ ಅಂತ ‘ಶಿಷ್ಯ’ದ ಜೊತೆ ನಮಗೆ ತಾನಾಗೇ ನೆನಪಾಗುವುದೆಲ್ಲವನ್ನೂ ಗ್ರೀಕ್ ಪದದ ಮೇಲೆ ಹೊರಿಸಬೇಡಿ. ಅದು ಬೆಳೆದ ಮನೆ ಬೇರೆ.

ಹಂತ 3: ಯೇಸುವಿಗಿಂತ ಮುಂಚೆ, ಅವನ ಕಾಲದ ಆಸುಪಾಸಿನಲ್ಲಿ ಈ ಪದ ಯಾರಿಗೆ ಹೇಳುತ್ತಿದ್ದರು?

ಈ ಪದವನ್ನು ಕ್ರೈಸ್ತರು ಹುಟ್ಟಿಸಲಿಲ್ಲ. ಕ್ರಿಸ್ತಪೂರ್ವ 5ನೇ ಶತಮಾನದ ಇತಿಹಾಸಕಾರ ಹೆರೊಡೊಟಸ್ ಇದನ್ನು ಬಳಸಿದ್ದಾನೆ. ಸಿಥಿಯಾದ ಅನಾಖಾರ್ಸಿಸ್ ಎಂಬವನು ‘ಗ್ರೀಸಿನ ಮಥೇತೇಸ್’ ಆದ ಎಂಬ ಕತೆಯನ್ನು ಆತ ಹೇಳುತ್ತಾನೆ. ಅಂದರೆ ಆ ನಾಡಿನ ನಡೆನುಡಿ ಕಲಿತವನು. ಅಥೆನ್ಸಿನಲ್ಲಿ ಸೋಫಿಸ್ಟರು, ಅಂದರೆ ಶುಲ್ಕ ಪಡೆದು ಮಾತುಗಾರಿಕೆ ಕಲಿಸುತ್ತಿದ್ದ ಪಂಡಿತರು, ತಮ್ಮ ವಿದ್ಯಾರ್ಥಿಗಳಿಗೆ ಈ ಹೆಸರು ಕೊಟ್ಟರು. ಅದಕ್ಕೇ ಇರಬೇಕು, ಪ್ಲೇಟೋ ಬರೆದ, ನ್ಯಾಯಾಲಯದ ಮುಂದಿನ ಸಮರ್ಥನೆಯ ಭಾಷಣದಲ್ಲಿ ಸಾಕ್ರಟೀಸ್ ‘ನಾನು ಯಾರಿಗೂ ಗುರುವಾಗಿರಲಿಲ್ಲ’ ಅಂತ ಕಡ್ಡಿ ಮುರಿದ ಹಾಗೆ ಹೇಳುತ್ತಾನೆ. ತನ್ನ ಸುತ್ತ ಇದ್ದವರನ್ನು ಮಥೇತಾಯ್ ಅಂತ ಕರೆದದ್ದು ತನ್ನ ಮೇಲೆ ದೂರು ಹೇಳುವವರು ಅನ್ನುತ್ತಾನೆ.

ಪಂಡಿತರ ಲೋಕದ ಆಚೆಗೆ ಕುಶಲಕರ್ಮಿಗಳ ಲೋಕವಿತ್ತು. ಕೆಲಸ ಕಲಿಯಲು ಸೇರಿದ ಹುಡುಗನೂ ಮಥೇತೇಸ್. ಆ ಕಲಿಕೆ ಹೇಗಿತ್ತು ಅಂತ ಈಜಿಪ್ಟಿನ ಒಕ್ಸಿರಿಂಕಸ್ ಊರಿನ ಕಸದ ದಿಬ್ಬದಲ್ಲಿ ಸಿಕ್ಕ ಪಪೈರಸ್ (ಜೊಂಡಿನಿಂದ ಮಾಡಿದ ಕಾಗದ) ಹಾಳೆಗಳಿಂದ ಗೊತ್ತಾಗುತ್ತದೆ. ಕ್ರಿಸ್ತಶಕ 66ರ ಒಂದು ಕರಾರು ಪತ್ರ ನೋಡಿ. ಟ್ರೈಫಾನ್ ಎಂಬವನು ತನ್ನ ಮಗ ಥೋನಿಸ್‌ನನ್ನು ಪ್ಟೊಲೆಮೈಯೋಸ್ ಎಂಬ ನೇಕಾರನ ಹತ್ತಿರ ಒಂದು ವರ್ಷಕ್ಕೆ ಬಿಡುತ್ತಾನೆ. ನೇಕಾರಿಕೆಯ ವಿಷಯದಲ್ಲಿ ಒಡೆಯ ಹೇಳಿದ್ದನ್ನೆಲ್ಲ ಹುಡುಗ ಮಾಡಬೇಕು. ವರ್ಷದಲ್ಲಿ ಎಷ್ಟು ದಿನ ತಪ್ಪಿಸಿಕೊಳ್ಳುತ್ತಾನೋ ಅಷ್ಟು ದಿನ ಕೊನೆಯಲ್ಲಿ ಹೆಚ್ಚಿಗೆ ದುಡಿಯಬೇಕು, ಇಲ್ಲವಾದರೆ ಅಪ್ಪ ದಿನಕ್ಕೊಂದು ಬೆಳ್ಳಿ ದ್ರಾಖ್ಮ ಕಟ್ಟಬೇಕು. ಪೌಲ ಪತ್ರಗಳನ್ನು ಬರೆದ ತಲೆಮಾರಿನದೇ ಕಾಗದ ಇದು. ಪುಸ್ತಕ ಇಲ್ಲ, ಪರೀಕ್ಷೆ ಇಲ್ಲ. ಜೊತೆಯಲ್ಲಿದ್ದು, ನೋಡಿ, ಕೈಯಿಂದ ಮಾಡಿ ಕಲಿಯುವುದು. ನನ್ನ ಮಟ್ಟಿಗೆ, ಸುವಾರ್ತೆಗಳ ಮಥೇತೇಸ್‌ನನ್ನು ಅರ್ಥ ಮಾಡಿಕೊಳ್ಳಲು ಅಥೆನ್ಸಿನ ವಾದಮಂಟಪಕ್ಕಿಂತ ಈ ಮಗ್ಗದ ಕೋಣೆ ಹೆಚ್ಚು ಸಹಾಯ ಮಾಡುತ್ತದೆ.

ಇನ್ನು ಯೆಹೂದ್ಯರ ಕಡೆ. ಇಲ್ಲಿ ಒಂದು ವಿಚಿತ್ರ ಇದೆ. ಶಿಷ್ಯ ಎಂಬುದಕ್ಕೆ ಹೀಬ್ರೂವಿನಲ್ಲಿ ‘ತಲ್ಮಿದ್’ ಅನ್ನುತ್ತಾರೆ. ಹೀಬ್ರೂ ಬೈಬಲಿನಲ್ಲಿ ಈ ಪದ ಒಂದೇ ಕಡೆ ಸಿಗುತ್ತದೆ, 1 ಪೂರ್ವಕಾಲವೃತ್ತಾಂತ 25:8ರಲ್ಲಿ, ದೇವಾಲಯದ ಗಾಯಕರು ಚೀಟು ಹಾಕುವ ಸಂದರ್ಭದಲ್ಲಿ. ಪ್ರವಾದಿ ಎಲೀಯನ ನಂತರ ಅವನ ಜಾಗಕ್ಕೆ ಬಂದ ಎಲೀಷನನ್ನು ಹಳೆಯ ಒಡಂಬಡಿಕೆ ಎಲೀಯನ ‘ತಲ್ಮಿದ್’ ಅಂತ ಕರೆಯುವುದಿಲ್ಲ. ಆದರೆ ಒಂದನೇ ಶತಮಾನದ ಯೆಹೂದ್ಯ ಇತಿಹಾಸಕಾರ ಜೋಸೆಫಸ್ ಅದೇ ಕತೆಯನ್ನು ಗ್ರೀಕಿನಲ್ಲಿ ಬರೆಯುವಾಗ, ಎಲೀಷ ಎಲೀಯನಿಗೆ ಮಥೇತೇಸ್ ಮತ್ತು ಸೇವಕನಾಗಿದ್ದ ಅನ್ನುತ್ತಾನೆ. ಅಂದರೆ ಅಷ್ಟು ಹೊತ್ತಿಗೆ ಯೆಹೂದ್ಯರಲ್ಲೂ ಗುರು ಮತ್ತು ಶಿಷ್ಯರ ಸಂಬಂಧಕ್ಕೆ ಈ ಪದ ಸಹಜವಾಗಿ ಒಗ್ಗಿಹೋಗಿತ್ತು.

ಇಲ್ಲಿ ಎರಡು ಎಚ್ಚರಿಕೆ. ‘ಗುರುವಿನ ಕಾಲಧೂಳು ಮೈಮೇಲೆ ಬೀಳುವಷ್ಟು ಹತ್ತಿರ ನಡೆಯುವವನೇ ಶಿಷ್ಯ’ ಎಂಬ ಮಾತನ್ನು ನೀವು ಪ್ರಸಂಗಗಳಲ್ಲಿ ಕೇಳಿರುತ್ತೀರಿ. ಅದರ ಮೂಲ ಮಿಶ್ನಾದ ‘ಅವೋತ್’ ಭಾಗದ 1:4. ಮಿಶ್ನಾ ಅಂದರೆ ಕ್ರಿಸ್ತಶಕ 200ರ ಸುಮಾರಿಗೆ ಸಂಗ್ರಹವಾದ ಯೆಹೂದ್ಯ ಬೋಧನೆಗಳ ಸಂಕಲನ. ಅಲ್ಲಿ ಇರುವುದು ಬೇರೆ: ನಿನ್ನ ಮನೆ ಜ್ಞಾನಿಗಳು ಸೇರುವ ಜಾಗವಾಗಲಿ, ಅವರ ಪಾದಧೂಳಿಯಲ್ಲಿ ಇರು, ಅವರ ಮಾತನ್ನು ಬಾಯಾರಿದವನ ಹಾಗೆ ಕುಡಿ. ಮಾತು ಶುರುವಾಗುವುದು ಮನೆಯಿಂದ. ಹಾದಿಯಲ್ಲಿ ಹಿಂದೆ ಹಿಂದೆ ನಡೆಯುವ ಚಿತ್ರ ನಾವು ಸೇರಿಸಿಕೊಂಡದ್ದು. ಎರಡನೆಯದು, ‘ಯೆಹೂದ್ಯ ಗುರುಗಳು ಯಾವತ್ತೂ ಶಿಷ್ಯರನ್ನು ತಾವೇ ಕರೆಯುತ್ತಿರಲಿಲ್ಲ, ಯೇಸು ಮಾತ್ರ ಕರೆದ’ ಎಂಬ ಮಾತು. ‘ನಿನಗೊಬ್ಬ ಗುರುವನ್ನು ಮಾಡಿಕೋ’ ಅಂತ ಅವೋತ್ 1:6 ಹೇಳುವುದು ನಿಜ. ಯೇಸು ತಾನೇ ಹೋಗಿ ‘ನನ್ನ ಹಿಂದೆ ಬನ್ನಿ’ ಅಂದದ್ದು ಎದ್ದು ಕಾಣುವುದೂ ನಿಜ. ಆದರೆ ಹೊಲ ಉಳುತ್ತಿದ್ದ ಎಲೀಷನ ಮೇಲೆ ಎಲೀಯ ತನ್ನ ಕಂಬಳಿ ಹಾಕಿದ್ದನ್ನು ಮರೆಯಬೇಡಿ. ಇನ್ನೂರನೇ ಇಸವಿಯ ಸಂಕಲನವನ್ನು ಇಟ್ಟುಕೊಂಡು ಮೂವತ್ತನೇ ಇಸವಿಯ ಬಗ್ಗೆ ‘ಯಾವತ್ತೂ’ ಅನ್ನುವುದು ಸ್ವಲ್ಪ ಜಾಸ್ತಿಯಾಯಿತು.

ಹಂತ 4: ಎಲ್ಲೆಲ್ಲಿ ಬರುತ್ತದೆ ಅಂತ ಲೆಕ್ಕ ಹಾಕಿ

ಈ ಹಂತ ಬೇಗ ಮುಗಿಯುತ್ತದೆ, ಫಲ ಮಾತ್ರ ದೊಡ್ಡದು. ಮಥೇತೇಸ್ ಹೊಸ ಒಡಂಬಡಿಕೆಯಲ್ಲಿ ಸುಮಾರು 260 ಸಲ ಬರುತ್ತದೆ. ಅಷ್ಟೂ ನಾಲ್ಕು ಸುವಾರ್ತೆ ಮತ್ತು ಅಪೊಸ್ತಲರ ಕೃತ್ಯಗಳಲ್ಲೇ. ಯೋಹಾನ ಮತ್ತು ಮತ್ತಾಯ ಎಪ್ಪತ್ತರ ಮೇಲೆ, ಮಾರ್ಕ ನಲವತ್ತರ ಮೇಲೆ, ಲೂಕ ಮೂವತ್ತರ ಮೇಲೆ, ಅಪೊಸ್ತಲರ ಕೃತ್ಯಗಳಲ್ಲಿ 28ರಷ್ಟು. ರೋಮಾಪುರದವರಿಗೆ ಬರೆದ ಪತ್ರದಿಂದ ಹಿಡಿದು ಪ್ರಕಟನೆಯ ತನಕ ಒಂದೇ ಒಂದು ಸಲವೂ ಇಲ್ಲ.

ನಿಮ್ಮ ಆಪ್ ತೋರಿಸುವ ಸಂಖ್ಯೆ ಒಂದೆರಡು ಆಚೀಚೆ ಆದರೆ ತಲೆಕೆಡಿಸಿಕೊಳ್ಳಬೇಡಿ. ಹಳೆಯ ಕೈಬರಹದ ಪ್ರತಿಗಳಲ್ಲೇ ವ್ಯತ್ಯಾಸ ಇದೆ. ಅಪೊಸ್ತಲರ ಕೃತ್ಯಗಳು 1:15 ನೋಡಿ. ಕೆಲವು ಪ್ರತಿಗಳಲ್ಲಿ ಪೇತ್ರ ‘ಸಹೋದರರ’ ನಡುವೆ ಎದ್ದು ನಿಲ್ಲುತ್ತಾನೆ, ಕೆಲವು ಪ್ರತಿಗಳಲ್ಲಿ ‘ಶಿಷ್ಯರ’ ನಡುವೆ. ಅದಕ್ಕೇ ‘ಕರಾರುವಾಕ್ಕಾಗಿ 261’ ಅಂತ ಗಟ್ಟಿಯಾಗಿ ಹೇಳುವ ಬದಲು ‘ಸುಮಾರು’ ಅಂತ ಬರೆದುಕೊಂಡರೆ ಸುರಕ್ಷಿತ.

ಹಂತ 5: ಪ್ರತಿ ವಾಕ್ಯದ ಮುಂದೆ ‘ಯಾರ?’ ಅಂತ ಬರೆಯಿರಿ

ಈ ಲೇಖನದಲ್ಲಿ ಒಂದೇ ಹಂತ ಮಾಡಲು ನಿಮಗೆ ಪುರುಸೊತ್ತು ಇದ್ದರೆ, ಇದನ್ನೇ ಮಾಡಿ. ನೋಟ್‌ಬುಕ್‌ನಲ್ಲಿ ಎರಡು ಅಂಕಣ ಹಾಕಿ. ಒಂದರಲ್ಲಿ ವಾಕ್ಯದ ಸಂಖ್ಯೆ, ಇನ್ನೊಂದರಲ್ಲಿ ‘ಯಾರ ಶಿಷ್ಯ?’ ಅಂತ.

ಮೊದಲು ಗಮನಕ್ಕೆ ಬರುವುದು, ಎಲ್ಲ ಶಿಷ್ಯರೂ ಯೇಸುವಿನವರಲ್ಲ. ಮಾರ್ಕ 2:18ರಲ್ಲಿ ಒಂದೇ ವಾಕ್ಯದಲ್ಲಿ ಮೂರು ಗುಂಪು ಇದೆ: ಯೋಹಾನನ (ಸುವಾರ್ತೆಯ ಯೋಹಾನ ಅಲ್ಲ, ದೀಕ್ಷಾಸ್ನಾನ ಮಾಡಿಸುತ್ತಿದ್ದವನು) ಶಿಷ್ಯರು, ಫರಿಸಾಯರ (ಧರ್ಮಶಾಸ್ತ್ರವನ್ನು ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದ ಯೆಹೂದ್ಯ ಪಂಥದವರು) ಶಿಷ್ಯರು, ನಿನ್ನ ಶಿಷ್ಯರು. ಪ್ರಶ್ನೆ ಉಪವಾಸದ್ದು. ಅವರಿಬ್ಬರ ಕಡೆಯವರು ಉಪವಾಸ ಮಾಡುತ್ತಾರೆ, ನಿನ್ನವರು ಯಾಕಿಲ್ಲ? ಶಿಷ್ಯ ಏನು ಮಾಡುತ್ತಾನೋ ಅದಕ್ಕೆ ಗುರು ಜವಾಬ್ದಾರಿ ಎಂಬ ತಿಳಿವಳಿಕೆ ಈ ಪ್ರಶ್ನೆಯ ಒಳಗೇ ಇದೆ. ಲೂಕ 11:1ರಲ್ಲಿ ‘ಯೋಹಾನ ತನ್ನ ಶಿಷ್ಯರಿಗೆ ಪ್ರಾರ್ಥನೆ ಕಲಿಸಿದ ಹಾಗೆ ನಮಗೂ ಕಲಿಸು’ ಅಂತ ಕೇಳುತ್ತಾರೆ. ಒಬ್ಬೊಬ್ಬ ಗುರುವಿನ ಕಡೆಯವರಿಗೂ ಅವರದೇ ಪ್ರಾರ್ಥನೆ, ಅವರದೇ ಉಪವಾಸ.

ಯೋಹಾನ 9ನೇ ಅಧ್ಯಾಯದ ಜಗಳವನ್ನು ನಿಧಾನವಾಗಿ ಓದಿ. ಹುಟ್ಟುಕುರುಡನಿಗೆ ಕಣ್ಣು ಬಂದಿದೆ. ಫರಿಸಾಯರು ಕರೆಸಿ ಕರೆಸಿ ವಿಚಾರಿಸುತ್ತಾರೆ. ಅವನಿಗೆ ಸಾಕಾಗಿ, ‘ಎಷ್ಟು ಸಲ ಹೇಳಬೇಕು? ನೀವೂ ಅವನ ಮಥೇತಾಯ್ ಆಗಬೇಕಂತಿದ್ದೀರಾ?’ ಅಂತ ಕೇಳಿಬಿಡುತ್ತಾನೆ. ಅವರಿಗೆ ಉರಿದುಹೋಗುತ್ತದೆ. ‘ನೀನು ಅವನ ಶಿಷ್ಯ, ನಾವು ಮೋಶೆಯ ಶಿಷ್ಯರು’ ಅಂತ ಬೈಯುತ್ತಾರೆ. ಮೋಶೆ ತೀರಿಕೊಂಡು ಶತಮಾನಗಳೇ ಕಳೆದಿದ್ದವು. ಅವನ ಕಾಲಬಳಿ ಅವರ್‍ಯಾರೂ ಕೂತಿರಲಿಲ್ಲ. ಆದರೂ ತಮ್ಮನ್ನು ಅವನ ಶಿಷ್ಯರು ಅಂದುಕೊಳ್ಳುತ್ತಾರೆ. ಅಂದರೆ ಈ ಪದಕ್ಕೆ ‘ಪಾಠ ಕೇಳಿದವನು’ ಎಂಬುದಕ್ಕಿಂತ ಅಗಲವಾದ ಅರ್ಥ ಆಗಲೇ ಬಂದಿದೆ. ಯಾರ ಮಾತಿಗೆ ನೀನು ಬದ್ಧ, ಯಾರ ಕಡೆಯವನು ನೀನು ಎಂಬುದನ್ನು ಅದು ಹೇಳುತ್ತದೆ. ಬೈಗುಳವಾಗಿಯೂ ಬಳಸಬಹುದು, ಬಿರುದಾಗಿಯೂ ಬಳಸಬಹುದು.

ಈಗ ಅದೇ ಎರಡು ಅಂಕಣ ಇಟ್ಟುಕೊಂಡು ಅಪೊಸ್ತಲರ ಕೃತ್ಯಗಳಿಗೆ ಬನ್ನಿ. ‘ಯಾರ?’ ಎಂಬ ಅಂಕಣ ಖಾಲಿಯಾಗುತ್ತಾ ಹೋಗುವುದನ್ನು ನೋಡುತ್ತೀರಿ. 6:1ರಲ್ಲಿ ‘ಶಿಷ್ಯರು’ ಹೆಚ್ಚಾದರು. ಯಾರ ಶಿಷ್ಯರು? ಹೇಳಿಲ್ಲ. ದಮಸ್ಕದ ಅನನೀಯ ‘ಒಬ್ಬ ಶಿಷ್ಯ’ (9:10). ಲುಸ್ತ್ರದ ತಿಮೊಥೆಯ ‘ಒಬ್ಬ ಶಿಷ್ಯ’ (16:1). ‘ಕರ್ತನ ಶಿಷ್ಯರು’ ಅಂತ ಬಿಡಿಸಿ ಹೇಳುವ 9:1ರಂಥ ವಾಕ್ಯಗಳು ಅಪರೂಪ. ಸುವಾರ್ತೆಗಳಲ್ಲಿ ‘ಅವನ ಶಿಷ್ಯರು’ ಆಗಿದ್ದವರು ಇಲ್ಲಿ ಸುಮ್ನೆ ‘ಶಿಷ್ಯರು’. ಒಡೆಯನ ಹೆಸರು ಹೇಳದೇ ಇದ್ದರೂ ಎಲ್ಲರಿಗೂ ಗೊತ್ತು. ಪದ ಈಗ ಒಂದು ಸಮುದಾಯದ ಹೆಸರಾಗಿದೆ. ಇವರಲ್ಲಿ ಎಷ್ಟೋ ಜನ ಯೇಸುವನ್ನು ಕಣ್ಣಾರೆ ಕಂಡವರೂ ಅಲ್ಲ. 11:26ಕ್ಕೆ ಬಂದರೆ, ಅಂತಿಯೋಕ್ಯದಲ್ಲಿ ಈ ಶಿಷ್ಯರಿಗೇ ಮೊದಲ ಸಲ ‘ಕ್ರೈಸ್ತರು’ ಎಂಬ ಹೆಸರು ಬಿತ್ತು. ಹೊಸ ಹೆಸರಿನೊಳಗೆ ‘ಕ್ರಿಸ್ತನ’ ಎಂಬುದು ಸೇರಿಕೊಂಡಿದೆ, ಗಮನಿಸಿ.

ಒಂದು ಎಚ್ಚರಿಕೆ. ಅಪೊಸ್ತಲರ ಕೃತ್ಯಗಳು 19ನೇ ಅಧ್ಯಾಯದಲ್ಲಿ ಎಫೆಸದ ‘ಕೆಲವು ಶಿಷ್ಯರು’ ಬರುತ್ತಾರೆ. ಅವರಿಗೆ ಯೋಹಾನನ ದೀಕ್ಷಾಸ್ನಾನ ಮಾತ್ರ ಗೊತ್ತು. ಇವರನ್ನು ‘ಕ್ರೈಸ್ತರು’ ಎಂಬ ಅಂಕಣಕ್ಕೆ ಹಾಕುವುದೋ, ‘ಯೋಹಾನನ ಶಿಷ್ಯರು’ ಎಂಬ ಅಂಕಣಕ್ಕೋ? ವಿದ್ವಾಂಸರಲ್ಲೇ ಒಮ್ಮತ ಇಲ್ಲ. ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ.

ಹಂತ 6: ಹನ್ನೆರಡು ಮಂದಿಯನ್ನು ಬೇರೆ ಮಾಡಿ, ಹೆಂಗಸರನ್ನು ಒಳಗೆ ಸೇರಿಸಿ

ಶಿಷ್ಯ ಬೇರೆ, ಅಪೊಸ್ತಲ ಬೇರೆ. ‘ಅಪೊಸ್ತೊಲೊಸ್’ ಅಂದರೆ ಕಳುಹಿಸಲ್ಪಟ್ಟವನು. ಲೂಕ 6:13 ಇದನ್ನು ಚೊಕ್ಕವಾಗಿ ಹೇಳುತ್ತದೆ: ಯೇಸು ಶಿಷ್ಯರನ್ನು ಹತ್ತಿರಕ್ಕೆ ಕರೆದು, ಅವರಲ್ಲಿ ಹನ್ನೆರಡು ಮಂದಿಯನ್ನು ಆರಿಸಿ, ಅವರಿಗೆ ಅಪೊಸ್ತಲರೆಂದು ಹೆಸರಿಟ್ಟ. ನಾಲ್ಕೇ ವಾಕ್ಯ ಮುಂದೆ ‘ಶಿಷ್ಯರ ದೊಡ್ಡ ಗುಂಪು’ ಇದೆ, ಅದರ ಆಚೆಗೆ ಬೇರೆ ಜನರ ಗುಂಪು ಇದೆ. ಅಲ್ಲಿಗೆ ಮೂರು ವರ್ತುಲವಾಯಿತು. ಆದರೆ ಮತ್ತಾಯ 10:1ರಲ್ಲಿ ‘ಅವನ ಹನ್ನೆರಡು ಶಿಷ್ಯರು’ ಅಂತಲೇ ಇದೆ. ಒಂದು ಪುಸ್ತಕದ ಬಳಕೆಯನ್ನು ಇನ್ನೊಂದರ ಮೇಲೆ ಹೇರಬೇಡಿ. ಅರಿಮಥಾಯದ ಯೋಸೇಫ ಹನ್ನೆರಡರಲ್ಲಿ ಒಬ್ಬನಲ್ಲ. ಆದರೂ ಯೋಹಾನ 19:38 ಅವನನ್ನು ಯೆಹೂದ್ಯರಿಗೆ ಹೆದರಿ ಗುಟ್ಟಾಗಿದ್ದ ಶಿಷ್ಯ ಅನ್ನುತ್ತದೆ.

ಹೆಂಗಸರ ವಿಷಯ. ಸ್ತ್ರೀಲಿಂಗದ ‘ಮಥೇತ್ರಿಯಾ’ ಬರುವುದು ಒಂದೇ ಕಡೆ, ಯೊಪ್ಪದ ತಬಿಥಾಳಿಗೆ (ಅ. ಕೃತ್ಯಗಳು 9:36). ಅವಳು ಸತ್ತಾಗ ಊರಿನ ವಿಧವೆಯರು ಅಳುತ್ತಾ, ಅವಳು ಹೊಲಿದುಕೊಟ್ಟಿದ್ದ ಬಟ್ಟೆಗಳನ್ನು ಪೇತ್ರನಿಗೆ ತೋರಿಸುತ್ತಾರೆ. ‘ಒಂದೇ ಕಡೆ ಇದೆ, ಅಂದರೆ ಒಬ್ಬಳೇ ಶಿಷ್ಯೆ’ ಅಂತ ತೀರ್ಮಾನ ಮಾಡಬೇಡಿ. ಗ್ರೀಕಿನಲ್ಲಿ ಗಂಡಸರು, ಹೆಂಗಸರು ಸೇರಿದ ಗುಂಪಿಗೆ ಪುಲ್ಲಿಂಗದ ಬಹುವಚನವನ್ನೇ ಬಳಸುತ್ತಾರೆ. ಸಾಕ್ಷಿ ಅದೇ ಅಧ್ಯಾಯದ ಶುರುವಿನಲ್ಲಿದೆ. 9:1ರಲ್ಲಿ ಸೌಲ (ಮುಂದೆ ಪೌಲ ಅನ್ನಿಸಿಕೊಂಡವನು) ‘ಕರ್ತನ ಶಿಷ್ಯರ’ ಮೇಲೆ ಬುಸುಗುಡುತ್ತಾನೆ. 9:2ರಲ್ಲಿ ‘ಗಂಡಸರಾಗಲಿ ಹೆಂಗಸರಾಗಲಿ’ ಸಿಕ್ಕವರನ್ನು ಕಟ್ಟಿ ತರಲು ಪತ್ರ ಕೇಳುತ್ತಾನೆ. ಜೊತೆಗೆ ಲೂಕ 10:39ರಲ್ಲಿ ಮರಿಯಳು ಯೇಸುವಿನ ಪಾದದ ಬಳಿ ಕೂತು ಮಾತು ಕೇಳುವುದನ್ನೂ, ಅ. ಕೃತ್ಯಗಳು 22:3ರಲ್ಲಿ ಪೌಲ ತಾನು ಯೆಹೂದ್ಯ ಗುರು ಗಮಲಿಯೇಲನ ಪಾದದ ಬಳಿ ಕಲಿತೆ ಅನ್ನುವುದನ್ನೂ ಪಕ್ಕಪಕ್ಕ ಇಟ್ಟು ಓದಿ.

ಹಂತ 7: ಕ್ರಿಯಾಪದವನ್ನು ಬಿಡಬೇಡಿ

ಮತ್ತಾಯ 28:19ರಲ್ಲಿ ‘ಶಿಷ್ಯರನ್ನಾಗಿ ಮಾಡಿರಿ’ ಎಂಬುದು ಗ್ರೀಕಿನಲ್ಲಿ ಒಂದೇ ಕ್ರಿಯಾಪದ, ‘ಮಥೇತೆಯುಸಾತೆ’. ಆ ವಾಕ್ಯದಲ್ಲಿ ನೇರ ಆಜ್ಞೆಯ ರೂಪದಲ್ಲಿರುವುದು ಇದೊಂದೇ. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಮುಂದಿನ ವಾಕ್ಯದ ಉಪದೇಶ ಮಾಡುವುದು, ಈ ಮೂರೂ ಕೃದಂತ ರೂಪದಲ್ಲಿವೆ. ಕೃದಂತ ಅಂದರೆ ಮುಖ್ಯ ಕ್ರಿಯೆಗೆ ಅಂಟಿಕೊಂಡು ಬರುವ ಕ್ರಿಯಾರೂಪ.

ಇದನ್ನು ಕಂಡು ಕೆಲವರು ‘ಹಾಗಾದರೆ ಹೋಗಿರಿ ಎಂಬುದು ಆಜ್ಞೆಯೇ ಅಲ್ಲ, ಹೋಗುತ್ತಾ ದಾರಿಯಲ್ಲಿ ಮಾಡಿದರೆ ಸಾಕು’ ಅಂತ ವಾದಿಸುತ್ತಾರೆ. ಇಂಗ್ಲಿಷ್ ಮೂಲಕ ಗ್ರೀಕ್ ಕಲಿಯುವವರಿಗೆ ಈ ಗೊಂದಲ ಸಹಜ. ಕನ್ನಡದವರಿಗೆ ಬೇಕಾಗಿಲ್ಲ. ಅಮ್ಮ ‘ಅಂಗಡಿಗೆ ಹೋಗಿ ಹಾಲು ತಾ’ ಅಂದರೆ ಆಜ್ಞೆಯ ರೂಪ ಇರುವುದು ‘ತಾ’ದಲ್ಲಿ ಮಾತ್ರ. ‘ಹೋಗಿ’ ಬರೀ ಕೃದಂತ. ಹಾಗಂತ ಹೋಗದೇ ಕೂರಲು ಆಗುತ್ತದಾ? ಗ್ರೀಕಿನಲ್ಲೂ ಅಷ್ಟೇ. ಮತ್ತಾಯ 2:13ರಲ್ಲಿ ದೇವದೂತ ಯೋಸೇಫನಿಗೆ ‘ಎದ್ದು ಮಗುವನ್ನು ಕರೆದುಕೋ’ ಅನ್ನುವಾಗ ‘ಎದ್ದು’ ಕೂಡ ಇದೇ ರೂಪ. ಮಲಗಿದಲ್ಲೇ ಕರೆದುಕೋ ಅಂತ ಯಾರೂ ಓದುವುದಿಲ್ಲ, ಅಲ್ವಾ?

ಉಳಿದ ಮೂರು ಕಡೆ ಬೇಗ ನೋಡಿ: ಮತ್ತಾಯ 13:52 (ಪರಲೋಕ ರಾಜ್ಯದ ವಿಷಯದಲ್ಲಿ ಶಿಷ್ಯನಾದ ಶಾಸ್ತ್ರಿ), 27:57 (ಅರಿಮಥಾಯದ ಯೋಸೇಫ), ಅ. ಕೃತ್ಯಗಳು 14:21 (ದೆರ್ಬೆಯಲ್ಲಿ ಅನೇಕರನ್ನು ಶಿಷ್ಯರನ್ನಾಗಿ ಮಾಡಿದ್ದು).

ಹಂತ 8: ಷರತ್ತುಗಳಿರುವ ವಾಕ್ಯಗಳನ್ನು ಒಟ್ಟಿಗೆ ಓದಿ

ಲೂಕ 14:26, 27, 33. ಮೂರು ಸಲವೂ ‘ನನ್ನ ಶಿಷ್ಯನಾಗಿರಲಾರನು’ ಅಂತ ಮುಗಿಯುತ್ತವೆ. ತಂದೆತಾಯಿಗಿಂತ, ಸ್ವಂತ ಪ್ರಾಣಕ್ಕಿಂತ, ಆಸ್ತಿಗಿಂತ ಗುರು ಮೊದಲು. ಯೋಹಾನ 8:31ರಲ್ಲಿ ಷರತ್ತು ಬೇರೆ: ನನ್ನ ಮಾತಿನಲ್ಲಿ ನೆಲೆಗೊಂಡಿದ್ದರೆ ನಿಜವಾಗಿ ನನ್ನ ಶಿಷ್ಯರು. ಯೋಹಾನ 13:35ರಲ್ಲಿ ಇನ್ನೂ ಬೇರೆ: ಒಬ್ಬರನ್ನೊಬ್ಬರು ಪ್ರೀತಿಸಿದರೆ ನೀವು ನನ್ನ ಶಿಷ್ಯರು ಅಂತ ಊರಿಗೆಲ್ಲ ಗೊತ್ತಾಗುತ್ತದೆ. ‘ನನ್ನ’ ಎಂಬ ಪದಕ್ಕೆ ಪ್ರತಿ ಸಲವೂ ಗೆರೆ ಎಳೆಯಿರಿ.

ಮತ್ತಾಯ 10:24–25ನ್ನೂ ಸೇರಿಸಿಕೊಳ್ಳಿ. ಶಿಷ್ಯ ಗುರುವಿಗಿಂತ ದೊಡ್ಡವನಲ್ಲ, ಗುರುವಿನ ಹಾಗೆ ಆದರೆ ಅವನಿಗೆ ಸಾಕು. ನೇಕಾರನ ಹತ್ತಿರ ಬಿಟ್ಟ ಹುಡುಗ ಕೊನೆಗೆ ತಾನೇ ನೇಕಾರನಾಗುತ್ತಾನೆ, ಬೇರೆ ಹುಡುಗರನ್ನು ಇಟ್ಟುಕೊಳ್ಳುತ್ತಾನೆ. ಯೇಸುವಿನ ಶಿಷ್ಯನಿಗೆ ಆ ಬಡ್ತಿ ಇಲ್ಲ. ಮತ್ತಾಯ 23:8 ಬಾಗಿಲು ಮುಚ್ಚಿಬಿಡುತ್ತದೆ: ನೀವು ಗುರು ಅನ್ನಿಸಿಕೊಳ್ಳಬೇಡಿ, ನಿಮಗೆ ಗುರು ಒಬ್ಬನೇ, ನೀವೆಲ್ಲರೂ ಸಹೋದರರು.

ಶಿಷ್ಯನಾದವನು ಬಿಟ್ಟುಹೋಗಲೂಬಹುದು. ಯೋಹಾನ 6:66ರಲ್ಲಿ ಅನೇಕ ಶಿಷ್ಯರು ಹಿಂದಕ್ಕೆ ಸರಿದರು. ಪದವನ್ನು ಆದರ್ಶದ ಎತ್ತರಕ್ಕೆ ಏರಿಸಿ ಬರೆಯುವ ಮುಂಚೆ ಈ ವಾಕ್ಯ ನೆನಪಿರಲಿ.

ಹಂತ 9: ಪೌಲನ ಮೌನವನ್ನು ನೋಡಿ

ಪೌಲ ತನ್ನ ಓದುಗರನ್ನು ‘ಅಡೆಲ್ಫೋಯ್’, ಅಂದರೆ ಸಹೋದರರು ಅಂತ ಮತ್ತೆ ಮತ್ತೆ ಕರೆಯುತ್ತಾನೆ. ‘ಪವಿತ್ರರು’ ಅನ್ನುತ್ತಾನೆ. ‘ಮಿಮೇತಾಯ್’, ಅಂದರೆ ನನ್ನನ್ನು ನೋಡಿ ನಡೆಯುವವರಾಗಿರಿ ಅನ್ನುತ್ತಾನೆ (1 ಕೊರಿಂಥ 11:1). ಮಥೇತಾಯ್ ಮಾತ್ರ ಅನ್ನುವುದಿಲ್ಲ. ‘ಕಲಿ’ ಎಂಬ ಕ್ರಿಯಾಪದ ಅವನಿಗೆ ಬೇಡವಾಗಿರಲಿಲ್ಲ. ಫಿಲಿಪ್ಪಿ 4:11ರಲ್ಲಿ, ಇದ್ದದ್ದರಲ್ಲೇ ತೃಪ್ತನಾಗಿರಲು ಕಲಿತಿದ್ದೇನೆ ಅನ್ನುವಾಗ ಅದೇ ಮಂಥಾನೋ ಇದೆ.

ಸಾಮಾನ್ಯವಾಗಿ ಕೊಡುವ ಕಾರಣ ಎರಡು. ಮಥೇತೇಸ್ ಎಂಬುದು ಯೇಸುವಿನ ಜೊತೆ ಊರೂರು ನಡೆದವರ ನೆನಪಿಗೆ ಅಂಟಿಕೊಂಡಿತ್ತು. ಮತ್ತು ಗ್ರೀಕ್ ಊರುಗಳಲ್ಲಿ ಆ ಪದ ಕೇಳಿದವರಿಗೆ ಯಾವುದೋ ತತ್ವಜ್ಞಾನಿಯ ಶಾಲೆ ನೆನಪಾಗುತ್ತಿತ್ತು. ಪೌಲ ತಾನೇ ಕಾರಣ ಹೇಳಿಲ್ಲ. ನನಗೆ 1 ಕೊರಿಂಥ 1:12 ಜಾಸ್ತಿ ಸುಳಿವು ಕೊಡುತ್ತದೆ ಅನ್ನಿಸುತ್ತದೆ. ಕೊರಿಂಥದವರು ‘ನಾನು ಪೌಲನವನು’, ‘ನಾನು ಅಪೊಲ್ಲೋಸನವನು’, ‘ನಾನು ಕೇಫನವನು’ (ಕೇಫ ಅಂದರೆ ಪೇತ್ರ) ಅಂತ ಗುಂಪು ಕಟ್ಟಿಕೊಂಡು ಕಿತ್ತಾಡುತ್ತಿದ್ದರು. ‘ಯಾರ?’ ಎಂಬ ಪ್ರಶ್ನೆಗೆ ತಪ್ಪು ಉತ್ತರ ಬರುತ್ತಿದ್ದ ಕಡೆ, ಆ ಪ್ರಶ್ನೆಯನ್ನೇ ಎಬ್ಬಿಸುವ ಪದವನ್ನು ಬಿಟ್ಟು ‘ಸಹೋದರರೇ’ ಅನ್ನುವುದು ಜಾಣತನ. ಇದು ಊಹೆ, ಊಹೆ ಅಂತಲೇ ಬರೆದುಕೊಳ್ಳಿ.

ಹಂತ 10: ಎರಡನೇ ಶತಮಾನಕ್ಕೆ ಒಂದು ಹೆಜ್ಜೆ

ಹೊಸ ಒಡಂಬಡಿಕೆಗೇ ನಿಂತರೆ ಪದದ ಕತೆ ಅರ್ಧಕ್ಕೆ ನಿಲ್ಲುತ್ತದೆ. ಎರಡನೇ ಶತಮಾನದ ಮೊದಲ ಭಾಗದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನಾತಿಯುಸ್‌ನನ್ನು ಹತ್ತು ಸೈನಿಕರ ಕಾವಲಿನಲ್ಲಿ ರೋಮಿಗೆ ಕರೆದೊಯ್ದರು, ಕಾಡುಮೃಗಗಳಿಗೆ ಹಾಕಲು. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಬಿದ್ದ ಅದೇ ಊರಿನವನು. ದಾರಿಯಲ್ಲಿ ಏಳು ಪತ್ರ ಬರೆದ. ರೋಮಿನವರಿಗೆ ಬರೆದದ್ದರಲ್ಲಿ ‘ಈಗ ನಾನು ಮಥೇತೇಸ್ ಆಗಲು ಶುರುಮಾಡಿದ್ದೇನೆ’ ಅನ್ನುತ್ತಾನೆ. ಲೋಕಕ್ಕೆ ನನ್ನ ದೇಹವೂ ಕಾಣದಂತಾದಾಗ ನಾನು ನಿಜವಾಗಿ ಯೇಸು ಕ್ರಿಸ್ತನ ಶಿಷ್ಯನಾಗುತ್ತೇನೆ ಅನ್ನುತ್ತಾನೆ. ಅಪೊಸ್ತಲರ ಕೃತ್ಯಗಳಲ್ಲಿ ಸಭೆಗೆ ಸೇರಿದವರಿಗೆಲ್ಲ ಸಲ್ಲುತ್ತಿದ್ದ ಹೆಸರು ಇವನಿಗೆ ಇನ್ನೂ ಕೈಗೆ ಸಿಗದ ವಸ್ತು. ಬಿಟ್ಟುಹೋಗಿದ್ದ ‘ಯಾರ’ ಎಂಬುದೂ ವಾಪಸ್ ಬಂದಿದೆ. ಅದೇ ಶತಮಾನದಲ್ಲಿ ಸ್ಮುರ್ನದ ಬಿಷಪ್ ಪೊಲಿಕಾರ್ಪ್‌ನನ್ನು ಕೊಂದ ವೃತ್ತಾಂತ ಬರೆದವರು, ರಕ್ತಸಾಕ್ಷಿಗಳನ್ನು, ಅಂದರೆ ನಂಬಿಕೆಗಾಗಿ ಪ್ರಾಣ ಕೊಟ್ಟವರನ್ನು, ‘ಕರ್ತನ ಮಥೇತಾಯ್ ಮತ್ತು ಮಿಮೇತಾಯ್’ ಎಂದು ಪ್ರೀತಿಸುತ್ತೇವೆ ಅಂದರು. ಸುವಾರ್ತೆಗಳ ಪದ, ಪೌಲನ ಪದ ಎರಡೂ ಒಂದೇ ಸಾಲಿನಲ್ಲಿ ಸೇರಿವೆ.

ಈ ಪತ್ರಗಳನ್ನು ಇಂಟರ್ನೆಟ್ಟಿನಲ್ಲಿ ಹುಡುಕುವಾಗ ಒಂದು ವಿಷಯ ನೋಡಿಕೊಳ್ಳಿ. ಇಗ್ನಾತಿಯುಸ್‌ನ ಪತ್ರಗಳು ಬೇರೆ ಬೇರೆ ಉದ್ದದಲ್ಲಿ ಸಿಗುತ್ತವೆ. ಉದ್ದನೆಯ ಪಾಠ (ಪಾಠ ಅಂದರೆ ಇಲ್ಲಿ ಬರಹದ ಒಂದು ರೂಪ) ನಾಲ್ಕನೇ ಶತಮಾನದಲ್ಲಿ ಯಾರೋ ಬೆಳೆಸಿದ್ದು. ಅದರಲ್ಲಿ ಅವನ ಹೆಸರಿಗೆ ಹೆಚ್ಚುವರಿ ಪತ್ರಗಳನ್ನೂ ಸೇರಿಸಿದ್ದಾರೆ. ಹಳೆಯ ಮುದ್ರಣಗಳಲ್ಲಿ ಎರಡು ಪಾಠಗಳನ್ನೂ ಅಕ್ಕಪಕ್ಕ ಹಾಕಿರುತ್ತಾರೆ. ‘ಶಿಷ್ಯ’ ಅಂತ ಸಿಕ್ಕ ಸಾಲು ಚಿಕ್ಕ ಪಾಠದಲ್ಲೂ ಇದೆಯಾ ಅಂತ ನೋಡಿ, ಆಮೇಲೆ ನೋಟ್‌ಬುಕ್‌ಗೆ ಇಳಿಸಿಕೊಳ್ಳಿ.